ಹಲಗೆ ಅಗಲವಾಯಿತು, ಹಿಮ ಬದಲಾಗಲಿಲ್ಲ

ಕರಾವಳಿಯ ಕಂಬಳ ನೋಡಿದವರು ಒಂದು ದೃಶ್ಯವನ್ನು ಮರೆಯಲಾರರು. ಕೋಣಗಳ ಜೋಡಿ ಕೆಸರುಗದ್ದೆಯಲ್ಲಿ ನುಗ್ಗುತ್ತದೆ. ಹಲಗೆ ವಿಭಾಗದ ಓಟವಾದರೆ, ಕೋಣಗಳು ಎಳೆದುಕೊಂಡು ಬರುವ ಹಲಗೆಯ ಮೇಲೆ ಓಡಿಸುವವನು ನಿಂತಿರುತ್ತಾನೆ. ಅದೇ ಮನುಷ್ಯ ಅದೇ ಗದ್ದೆಗೆ ಬರಿಗಾಲಲ್ಲಿ ಇಳಿದರೆ ಕಾಲು ಹೂತುಹೋಗುತ್ತದೆ. ಹಲಗೆಯ ಮೇಲಿದ್ದಾಗ ಅದೇ ಕೆಸರು ಅವನನ್ನು ಹೊತ್ತುಕೊಂಡು ಹೋಗುತ್ತದೆ. ಅವನ ಮೈತೂಕ ಒಂದು ತೊಲದಷ್ಟೂ ಇಳಿದಿಲ್ಲ. ಭಾರ ಹರಡಿಕೊಂಡಿದೆ, ವೇಗ ಅದಕ್ಕೆ ಜೊತೆಯಾಗಿದೆ.

ಹಿಮ ಬೀಳದ ನಾಡಿನವರಿಗೆ ಸ್ಕೀಯ ಗುಟ್ಟು ತಿಳಿಯಲು ಇಷ್ಟು ಸಾಕು. ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆ. ಇವತ್ತಿನ ಮಾತು ಅದರಲ್ಲೂ ಒಂದು ಬಗೆಯದನ್ನು ಕುರಿತದ್ದು. ಹೊಸದಾಗಿ ಬಿದ್ದ, ಹಿಟ್ಟಿನಂಥ ಆಳ ಹಿಮದಲ್ಲಿ ಜಾರಲೆಂದೇ ಮಾಡಿದ ಅಗಲವಾದ ಪೌಡರ್ ಸ್ಕೀ. ಅದು ಯಾವ ಹಿಮದಲ್ಲಿ ಗೆಲ್ಲುತ್ತದೆ, ಯಾವ ಹಿಮದಲ್ಲಿ ಸೋಲುತ್ತದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಬರಿಯ ಆಟದ ಸಾಮಾನಿನ ಪ್ರಶ್ನೆ. ಆದರೆ ಕಾಶ್ಮೀರದ ಗುಲ್ಮಾರ್ಗ್‌ನಂಥ ಕಡೆ ಅದು ಜೀವದ ಪ್ರಶ್ನೆಯೂ ಆಗಿದೆ.

ಹಿಮವೆಂಬುದು ಒಂದೇ ಅಲ್ಲ

ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಮಾತು ಮಡಿಕೇರಿಯ ಬೆಳಗಿನ ಮುಸುಕಿಗೂ ಹಿಮಾಲಯದ ಬಿಳುಪಿಗೂ ಸಲ್ಲುತ್ತದೆ. ಕಂಡದ್ದು ಕಡಿಮೆ, ಹಾಗಾಗಿ ಮಾತೂ ಕಡಿಮೆ. ಮಣ್ಣಿನ ವಿಷಯಕ್ಕೆ ಬಂದರೆ ಎರೆ, ಮಸಾರಿ, ಜೇಡಿ, ಗರಸು, ಕೆಸರು, ರಾಡಿ ಎಂದು ರೈತ ಬೇರೆಬೇರೆ ಹೆಸರು ಹೇಳುತ್ತಾನೆ. ಯಾವ ಮಣ್ಣಿಗೆ ಯಾವ ನೇಗಿಲು ಎಂಬುದು ಅವನಿಗೆ ಗೊತ್ತು. ಸ್ಕೀ ಬಲ್ಲವನು ಹಿಮವನ್ನು ನೋಡುವುದೂ ಹೀಗೆಯೇ.

ಆಗಷ್ಟೇ ಬಿದ್ದ ಒಣ ಹಿಮದ ಒಂದು ಘನ ಮೀಟರ್ ಸಾಮಾನ್ಯವಾಗಿ 50ರಿಂದ 100 ಕಿಲೊ ತೂಗುತ್ತದೆ. ಅಷ್ಟೇ ಜಾಗದ ನೀರು 1,000 ಕಿಲೊ. ಅಂದರೆ ಹೊಸ ಹಿಮದಲ್ಲಿ ನೂರರಲ್ಲಿ ತೊಂಬತ್ತು ಪಾಲು ಬರೀ ಗಾಳಿ. ಅದು ಜರಡಿ ಹಿಡಿದ ಅಕ್ಕಿಹಿಟ್ಟಿನ ಹಾಗೆ. ಇದೇ ಹಿಮವನ್ನು ಗಾಳಿ ಹೊತ್ತೊಯ್ದು ಇನ್ನೊಂದು ಇಳಿಜಾರಿನಲ್ಲಿ ತುಂಬಿದರೆ ಹರಳುಗಳ ಚೂಪು ಮುರಿದು, ಒಂದಕ್ಕೊಂದು ಅಂಟಿ, ಗಟ್ಟಿ ಹಾಸಾಗುತ್ತದೆ. ಆಗ ತೂಕ 200ರಿಂದ 400 ಕಿಲೊವರೆಗೂ ಏರಬಹುದು. ಬಿಸಿಲು ಬಿದ್ದು ಒದ್ದೆಯಾದರೆ ಕಲಸಿದ ಹಿಟ್ಟು. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದರೆ ಮೇಲೆ ಕೆನೆಯಂಥ ಪದರ, ಕೆಳಗೆ ಮೆದು. ಕರಗುವುದು, ಹೆಪ್ಪುಗಟ್ಟುವುದು ವಾರಗಟ್ಟಲೆ ನಡೆದರೆ ರವೆಯಂಥ ದಪ್ಪ ಕಾಳು. ಕೊನೆಗೆ ಗಟ್ಟಿ ಮಂಜುಗಡ್ಡೆ. ಅದರ ಘನ ಮೀಟರ್ 917 ಕಿಲೊ.

ಊರು ಬದಲಾದರೆ ಹಿಮವೂ ಬದಲು. ಜಪಾನಿನ ಹೊಕ್ಕೈಡೊ ದ್ವೀಪಕ್ಕೆ ಸೈಬೀರಿಯದ ಕೊರೆಯುವ ಗಾಳಿ ಸಮುದ್ರ ದಾಟಿ ಬರುತ್ತದೆ. ದಾರಿಯಲ್ಲಿ ನೀರಾವಿ ಹೀರಿಕೊಂಡು ಹಗುರವಾದ ಹಿಮವನ್ನು ಹೇರಳವಾಗಿ ಸುರಿಸುತ್ತದೆ. ಅಮೆರಿಕದ ಯೂಟಾ ರಾಜ್ಯದ ಒಣ ಹಿಮ ಹೆಸರುವಾಸಿ. ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳಲ್ಲಿ ಪೆಸಿಫಿಕ್ ಸಾಗರದ ತೇವ ತುಂಬಿದ ಹಿಮ ಬೀಳುತ್ತದೆ. ಅಲ್ಲಿನವರು ಅದನ್ನು ‘ಸಿಯೆರಾ ಸಿಮೆಂಟು’ ಎಂದು ಹಾಸ್ಯ ಮಾಡುತ್ತಾರೆ. ಕಾಶ್ಮೀರಕ್ಕೆ ಚಳಿಗಾಲದ ಹಿಮ ತರುವುದು ಪಶ್ಚಿಮದಿಂದ ಬರುವ ವಾಯುಭಾರ ಕುಸಿತದ ಅಲೆಗಳು. ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಗೆ ಅಲ್ಲಿ ‘ಚಿಲ್ಲೈ ಕಲಾನ್’ ಎಂದು ಹೆಸರು. ಗುಲ್ಮಾರ್ಗ್‌ನ ಎತ್ತರದ ಇಳಿಜಾರುಗಳಲ್ಲಿ ಒಣ ಪುಡಿಹಿಮ ಸಿಗುವ ಕಾಲ ಅದು.

ಅಗಲದಿಂದ ಅಗಲಕ್ಕೆ

ಸ್ಕೀ ಹುಟ್ಟಿದ್ದು ಆಟಕ್ಕಲ್ಲ, ಬದುಕಿಗೆ. ರಷ್ಯದ ಜೌಗುನೆಲದಲ್ಲಿ ಸಿಕ್ಕಿರುವ ಸ್ಕೀ ತುಣುಕುಗಳು ಸುಮಾರು 8,000 ವರ್ಷ ಹಳೆಯವು. ಚೀನಾ ಮತ್ತು ಮಂಗೋಲಿಯಾದ ಗಡಿಯ ಅಲ್ತಾಯ್ ಪರ್ವತಗಳಲ್ಲಿ ಬೇಟೆಗಾರರು ಕೈಯಿಂದ ಕೆತ್ತುವ ಸ್ಕೀಯ ಅಡಿಗೆ ಕುದುರೆಯ ಚರ್ಮ ಹೊದಿಸುತ್ತಾರೆ. ಕೂದಲು ಹಿಂದಕ್ಕೆ ಮಲಗಿರುವುದರಿಂದ ಮುಂದೆ ಜಾರುವಾಗ ತಡೆಯಿಲ್ಲ. ಏರು ಹತ್ತುವಾಗ ಅದೇ ಕೂದಲು ನಿಮಿರಿ ಹಿಡಿತ ಕೊಡುತ್ತದೆ. ಆ ಸ್ಕೀಗಳು ಅಗಲವಾಗಿವೆ. ಆಳ ಹಿಮದಲ್ಲಿ ಮುಳುಗದಿರಲು ಅಗಲ ಬೇಕೆಂಬುದನ್ನು ಅವರಿಗೆ ಯಾವ ಕಾರ್ಖಾನೆಯೂ ಹೇಳಿಕೊಟ್ಟಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಟೆಲೆಮಾರ್ಕ್ ಪ್ರಾಂತ್ಯದ ಸೊಂಡ್ರೆ ನೊರ್ಹೈಮ್ ಎಂಬ ಹಳ್ಳಿಗ ಸ್ಕೀಯನ್ನು ಆಟದ ಕಡೆಗೆ ತಿರುಗಿಸಿದ. ಹಿಮ್ಮಡಿಯನ್ನು ಸುತ್ತುವ ಕಟ್ಟು, ಬುಡಬುಡಿಕೆಯಂತೆ ನಡು ಸಣ್ಣಗಾದ ಹಲಗೆ ಇವೆರಡೂ ಅವನ ಹೆಸರಿನೊಂದಿಗೆ ಸೇರಿಕೊಂಡಿವೆ. ನಡು ಸಣ್ಣಗಿರುವ ಹಲಗೆಯನ್ನು ಓರೆ ಮಾಡಿದರೆ ಅದು ತಾನಾಗಿ ಬಾಗಿದ ದಾರಿ ಹಿಡಿಯುತ್ತದೆ. ತಿರುವು ತೆಗೆದುಕೊಳ್ಳುವುದು ಸುಲಭವಾಯಿತು.

ಆಮೇಲೆ ಸ್ಪರ್ಧೆಗಳು ಬಂದವು. ಯಂತ್ರದಿಂದ ಒತ್ತಿ ಗಟ್ಟಿ ಮಾಡಿದ ಹಾದಿಗಳು ಬಂದವು. ಗಟ್ಟಿ ಹಾದಿಗೆ ಬೇಕಾದದ್ದು ಕತ್ತಿಯಂತೆ ಕಚ್ಚುವ ಉಕ್ಕಿನ ಅಂಚು. ತೇಲುವ ಅಗಲ ಅಲ್ಲಿ ದಂಡ. ಇಪ್ಪತ್ತನೆಯ ಶತಮಾನದ ಬಹುಭಾಗ ಸ್ಕೀ ಎಂದರೆ ಎರಡು ಮೀಟರ್ ಉದ್ದದ, ಏಳೆಂಟು ಸೆಂಟಿಮೀಟರ್ ಅಗಲದ ಹಲಗೆ. ಓಟದ ಸ್ಕೀ ಇನ್ನೂ ಸಪೂರ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಭಾರತವನ್ನು ಪ್ರತಿನಿಧಿಸಿರುವ ಕ್ರಾಸ್‌ಕಂಟ್ರಿ ಸ್ಪರ್ಧೆಗಳ ಸ್ಕೀಯ ಅಗಲ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಅಷ್ಟೆ. ಹದಗೊಳಿಸಿದ ಜಾಡಿನ ಮೇಲೆ ಅದು ಬಾಣ. ಆಳದ ಪುಡಿಹಿಮದಲ್ಲಿ ಸೂಜಿ.

ಅಂಥ ಸಪೂರ ಹಲಗೆ ತೊಟ್ಟು ಪುಡಿಹಿಮದಲ್ಲಿ ಜಾರುವುದು ಒಂದು ಸಾಧನೆಯೇ ಆಗಿತ್ತು. ಯೂಟಾದ ಆಲ್ಟಾದಲ್ಲಿ ಡಿಕ್ ಡ್ಯುರಾನ್ಸ್, ಆಲ್ಫ್ ಎಂಗೆನ್ ಮೊದಲಾದವರು 1940ರ ದಶಕದಲ್ಲಿ ಅದಕ್ಕೊಂದು ವರಸೆ ಕಂಡುಹಿಡಿದರು. ಎರಡೂ ಪಾದ ಜೋಡಿಸಿ ಒಂದೇ ಹಲಗೆ ಎಂಬಂತೆ ನಿಲ್ಲಬೇಕು. ಕುಣಿತದ ಲಯದಲ್ಲಿ ಮೇಲೆದ್ದು ಕೆಳಗಿಳಿಯುತ್ತಾ, ಹಿಮದಿಂದ ಹಲಗೆ ಮೇಲೆ ಬಂದ ಕ್ಷಣದಲ್ಲಿ ತಿರುಗಬೇಕು. ಒಂದು ಕಾಲಿನ ಮೇಲೆ ಭಾರ ಹೆಚ್ಚಿದರೆ ಆ ಸ್ಕೀ ಮುಳುಗುತ್ತದೆ, ಮನುಷ್ಯ ಮುಗ್ಗರಿಸುತ್ತಾನೆ. ಇದು ಮೈಗೂಡಲು ಎಷ್ಟೋ ಚಳಿಗಾಲ ಬೇಕಿತ್ತು. ಅಷ್ಟು ಚಳಿಗಾಲ ಬೆಟ್ಟದಲ್ಲಿ ಕಳೆದವನಿಗೆ ಬೆಟ್ಟದ ಗುಣವೂ ಸಾಕಷ್ಟು ತಿಳಿದಿರುತ್ತಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1965ರಲ್ಲಿ ಹಾನ್ಸ್ ಗ್ಮೋಸರ್ ಎಂಬ ಆಸ್ಟ್ರಿಯ ಮೂಲದ ಮಾರ್ಗದರ್ಶಿ ಕೆನಡಾದ ಬುಗಾಬೂ ಬೆಟ್ಟಗಳಿಗೆ ಹೆಲಿಕಾಪ್ಟರಿನಲ್ಲಿ ಜನರನ್ನು ಕರೆದೊಯ್ಯತೊಡಗಿದ. ಬೆಟ್ಟದ ತುದಿಗೇರುವ ಶ್ರಮ ತಪ್ಪಿತು. ಇಳಿಯುವ ಕಷ್ಟ ಉಳಿಯಿತು. ಅದಕ್ಕೆ ಉತ್ತರ ಬಂದದ್ದು 1980ರ ದಶಕದ ಕೊನೆಯಲ್ಲಿ. ಆಸ್ಟ್ರಿಯದ ಆಟಮಿಕ್ ಕಂಪನಿಯ ರೂಪರ್ಟ್ ಹೂಬರ್, ಒಂದೇ ಅಗಲ ಹಲಗೆಯಾದ ಸ್ನೋಬೋರ್ಡು ಪುಡಿಹಿಮದಲ್ಲಿ ಎಷ್ಟು ಸಲೀಸಾಗಿ ತೇಲುತ್ತದೆ ಎಂಬುದರಿಂದ ಸ್ಫೂರ್ತಿ ಪಡೆದು, ಆ ಅಗಲವನ್ನು ಸ್ಕೀಗೆ ತಂದ. ನೋಡಲು ಬೊಜ್ಜು ಬಂದಂತಿದ್ದ ಆ ಸ್ಕೀಗೆ ಜನ ‘ಫ್ಯಾಟ್ ಬಾಯ್’ ಎಂದು ಅಡ್ಡಹೆಸರಿಟ್ಟು ನಕ್ಕರು. ಆದರೆ ಮಂಡಿ ಸೋತ ಹಿರಿಯರೂ ಮಧ್ಯಮ ಕಲಿಕೆಯವರೂ ಅದನ್ನು ತೊಟ್ಟು ಆಳ ಹಿಮದಲ್ಲಿ ದಿನವಿಡೀ ಜಾರಿದಾಗ ನಗು ನಿಂತಿತು.

ಮುಂದಿನ ಹೆಜ್ಜೆ ಶೇನ್ ಮೆಕಾಂಕಿಯದು. ಪುಡಿಹಿಮ ನೆಲಕ್ಕಿಂತ ಹೆಚ್ಚಾಗಿ ನೀರಿನಂತೆ ವರ್ತಿಸುತ್ತದೆ, ಹಾಗಾದರೆ ಸ್ಕೀ ಏಕೆ ದೋಣಿಯಂತೆ ಇರಬಾರದು ಎಂಬುದು ಅವನ ಪ್ರಶ್ನೆ. ಅವನು ಅಲಾಸ್ಕದ ಬೆಟ್ಟದಲ್ಲಿ ನೀರಿನ ಮೇಲೆ ಜಾರುವ ವಾಟರ್ ಸ್ಕೀಗಳನ್ನೇ ತೊಟ್ಟು ಇಳಿದು ತೋರಿಸಿದ. ವೊಲಾಂಟ್ ಕಂಪನಿ 2001–02ರ ಸುಮಾರಿಗೆ ಅವನ ಕಲ್ಪನೆಯನ್ನು ‘ಸ್ಪ್ಯಾಟುಲಾ’ ಎಂಬ ಹೆಸರಿನಲ್ಲಿ ತಯಾರಿಸಿತು. ಅದರಲ್ಲಿ ಎಲ್ಲವೂ ತಿರುಗುಮುರುಗು. ನಡು ಅಗಲ, ತುದಿಗಳು ಸಪೂರ. ನಡು ನೆಲಕ್ಕೆ ತಾಗಿ, ಎರಡೂ ತುದಿ ಮೇಲಕ್ಕೆ ಬಾಗಿದ್ದವು. ಸ್ಕೀ ತೊಟ್ಟೇ ಬಂಡೆಯಿಂದ ಗಾಳಿಗೆ ಹಾರುವ ಸಾಹಸದಲ್ಲಿ ಮೆಕಾಂಕಿ 2009ರಲ್ಲಿ ಇಟಲಿಯ ಡೊಲೊಮೈಟ್ ಬೆಟ್ಟಗಳಲ್ಲಿ ತೀರಿಕೊಂಡ. ಅವನ ಬಾಗು ಮಾತ್ರ ಇಂದು ಹೆಚ್ಚಿನ ಪೌಡರ್ ಸ್ಕೀಗಳಲ್ಲಿ ಒಂದಲ್ಲ ಒಂದು ಪ್ರಮಾಣದಲ್ಲಿ ಇದೆ.

ಮೂರು ಹಲಗೆ, ಒಂದು ಬೆಟ್ಟ

ಈಗ ಹೋಲಿಕೆಗೆ ಬರೋಣ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿಂದ ಎರಡು ಹಂತದ ರೋಪ್‌ವೇ ಇದೆ. ಕೊಂಗ್ದೂರಿವರೆಗಿನ ಮೊದಲ ಹಂತ ಶುರುವಾದದ್ದು 1998ರಲ್ಲಿ. ಅಫರ್ವತ್ ಶಿಖರದ ಬದಿಗೆ, ಸುಮಾರು 3,950 ಮೀಟರಿಗೆ ಏರಿಸುವ ಎರಡನೆಯ ಹಂತ 2005ರಲ್ಲಿ. ಮೇಲಕ್ಕೂ ಕೆಳಕ್ಕೂ 1,300 ಮೀಟರ್ ಅಂತರ. ಹೀಗಾಗಿ ಒಂದೇ ಇಳಿತದಲ್ಲಿ ಹಲವು ಬಗೆಯ ಹಿಮ ಎದುರಾಗುತ್ತದೆ. ರಾತ್ರಿಯಿಡೀ ಹಿಮ ಸುರಿದ ಮರುದಿನವನ್ನು ಊಹಿಸಿಕೊಳ್ಳಿ. ಮೂವರು ಇಳಿಯಲು ನಿಂತಿದ್ದಾರೆ. ಒಬ್ಬನ ಸ್ಕೀ ನಡುವಿನಲ್ಲಿ 68 ಮಿಲಿಮೀಟರ್ ಅಗಲ, ಗಟ್ಟಿ ಹಾದಿಯ ಸ್ಕೀ. ಎರಡನೆಯವನದು 90, ಎಲ್ಲಕ್ಕೂ ಒದಗಲಿ ಎಂದು ಮಾಡಿದ್ದು. ಮೂರನೆಯವಳದು 116, ಪೌಡರ್ ಸ್ಕೀ.

ಮೊದಲು ಲೆಕ್ಕ. ಉಡುಪು, ಸಾಮಾನು ಸೇರಿ 80 ಕಿಲೊ ತೂಗುವ ಮನುಷ್ಯ ಬೂಟಿನಲ್ಲಿ ನಿಂತರೆ ಹಿಮದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಸುಮಾರು 150 ಗ್ರಾಂ. ಹಳೆಯ ಕಾಲದ ಎರಡು ಮೀಟರಿನ ಸಪೂರ ಸ್ಕೀ ತೊಟ್ಟರೆ 27 ಗ್ರಾಂ. 185 ಸೆಂಟಿಮೀಟರ್ ಉದ್ದದ ಅಗಲ ಪೌಡರ್ ಸ್ಕೀ ತೊಟ್ಟರೆ 17 ಗ್ರಾಂ. ಉದ್ದ ಕಡಿಮೆ, ಆದರೂ ಒತ್ತಡ ಕಡಿಮೆ.

ಶಿಖರದ ಬದಿಯ ಮೊಣಕಾಲುದ್ದ ಪುಡಿಹಿಮದಲ್ಲಿ 68ರ ಸ್ಕೀ ಆಳಕ್ಕೆ ಇಳಿಯುತ್ತದೆ. ಅದು ಬಿಲ್ಲಿನಂತೆ ನಡು ಎತ್ತಿರುವ ಹಲಗೆ. ಭಾರ ಬಿದ್ದಾಗ ಅದರ ತುದಿಗಳು ಕೆಳಕ್ಕೆ ಒತ್ತುತ್ತವೆ. ಗಟ್ಟಿ ಹಾದಿಯಲ್ಲಿ ಅದು ಹಿಡಿತ, ಪುಡಿಯಲ್ಲಿ ಅದೇ ಶತ್ರು. ಮೂತಿ ಹಿಮದೊಳಗೆ ಹೊಕ್ಕು ಸವಾರ ಮುಂದಕ್ಕೆ ಉರುಳುತ್ತಾನೆ. 116ರದು ದೋಣಿಯ ಮೂತಿ. ವೇಗ ಕೂಡಿದಂತೆ ಅದು ಮೇಲಕ್ಕೆ ಬರುತ್ತದೆ. ತಿರುಗಬೇಕೆಂದರೆ ಕುಣಿದು ಮೇಲೇಳಬೇಕಿಲ್ಲ; ಬೆಣ್ಣೆ ಸವರಿದಂತೆ ಹಿಮ್ಮಡಿಯನ್ನು ಪಕ್ಕಕ್ಕೆ ಜಾರಿಸಿದರಾಯಿತು. 90ರ ಸ್ಕೀ ಬಲ್ಲವನ ಕಾಲಲ್ಲಿದ್ದರೆ ಸರಿಯಾಗಿಯೇ ಸಾಗುತ್ತದೆ, ಬೆವರು ಮಾತ್ರ ಹೆಚ್ಚು.

ಸ್ವಲ್ಪ ಕೆಳಗೆ ಗಾಳಿ ಒತ್ತಿದ ಹಿಮ, ಅಲ್ಲಲ್ಲಿ ಕೆನೆಗಟ್ಟಿದ ಹಿಮ. ಎಲ್ಲರೂ ಹೆದರುವುದು ಈ ಕೆನೆಗೆ. ಸಪೂರ ಸ್ಕೀ ಅದನ್ನು ಒಡೆದು ಕೆಳಗೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಪದರ ಕಣಕಾಲನ್ನು ಹಿಡಿದು ನಿಲ್ಲಿಸಿದಂತಾಗುತ್ತದೆ. ಮೇಲಕ್ಕೆ ಬಾಗಿದ ಅಗಲ ಸ್ಕೀ ಎಷ್ಟೋ ಸಲ ಕೆನೆಯನ್ನು ಒಡೆಯದೆ ದಾಟುತ್ತದೆ, ಒಡೆದರೂ ತುದಿ ಸಿಕ್ಕಿಕೊಳ್ಳುವುದು ಕಡಿಮೆ. ಪುಡಿಹಿಮಕ್ಕಿಂತ ಇಂಥ ಕೆಟ್ಟ ಹಿಮದಲ್ಲೇ ಅಗಲ ಸ್ಕೀಯ ಉಪಕಾರ ಹೆಚ್ಚು ಎಂದರೂ ತಪ್ಪಾಗದು.

ಇನ್ನೂ ಕೆಳಗೆ, ಹತ್ತಾರು ಜನ ಜಾರಿಹೋದ ಮೇಲೆ ಹಿಮ ಉತ್ತ ಹೊಲದಂತೆ ಹೆಂಟೆಹೆಂಟೆಯಾಗಿರುತ್ತದೆ. ಇಲ್ಲಿ ಅಗಲವೊಂದೇ ಸಾಲದು. ಹಗುರವಾದ, ಬಳುಕುವ ಸ್ಕೀ ಪ್ರತಿ ಹೆಂಟೆಗೂ ಬಡಿದು ಅತ್ತಿತ್ತ ಚಿಮ್ಮುತ್ತದೆ. ತೂಕವಿರುವ, ಬಿಗಿಯಾದ ಸ್ಕೀ ಅವನ್ನು ಸೀಳಿಕೊಂಡು ಹೋಗುತ್ತದೆ. ಒಂದೇ ಅಗಲದ ಎರಡು ಪೌಡರ್ ಸ್ಕೀಗಳಲ್ಲಿ ಒಂದು ಮೆಚ್ಚುಗೆಯಾಗಿ ಇನ್ನೊಂದು ಆಗದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಮಧ್ಯಾಹ್ನದ ಬಿಸಿಲಿಗೆ ತಗ್ಗಿನ ಹಿಮ ಒದ್ದೆಯಾಗಿದೆ. ಈ ಭಾರದ ಹಿಮದಲ್ಲಿ ಎಲ್ಲ ಹಲಗೆಯೂ ತಡವರಿಸುತ್ತದೆ. ಅಗಲ ಸ್ಕೀ ಮೇಲಿರುವುದರಿಂದ ಸುಧಾರಿಸಿಕೊಳ್ಳುತ್ತದೆ. ಆದರೆ ತಳಕ್ಕೆ ಒದ್ದೆ ಹಿಮ ಹೀರಿಕೊಂಡಂತೆ ಅಂಟಿದರೆ, ತಳ ದೊಡ್ಡದಾದಷ್ಟೂ ಅಂಟು ಹೆಚ್ಚು. ಬಿಸಿಲಿಗೆ ತಕ್ಕ ಮೇಣ ಹಚ್ಚದಿದ್ದರೆ ಯಾವ ಸ್ಕೀಯೂ ಓಡದು.

ಕೊನೆಗೆ ಯಂತ್ರ ಒತ್ತಿದ ಗಟ್ಟಿ ಹಾದಿ, ನೆರಳಿನಲ್ಲಿ ಗಾಜಿನಂಥ ಮಂಜುಗಡ್ಡೆ. ಇಲ್ಲಿ 68ರವನು ರಾಜ. ಅವನ ಸ್ಕೀಯ ಅಂಚು ಪಾದದ ನಡುವಿನಿಂದ 3.4 ಸೆಂಟಿಮೀಟರ್ ದೂರದಲ್ಲಿದೆ. 116ರವಳದು 5.8 ಸೆಂಟಿಮೀಟರ್. ಅಂಚಿನ ಮೇಲೆ ನಿಲ್ಲಲು ಅವಳ ಮಂಡಿ ಅಷ್ಟು ಹೆಚ್ಚು ತಿರುಚಿಕೊಳ್ಳಬೇಕು. ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಲು ಹೆಚ್ಚು ಹೊತ್ತು ಬೇಕು. ತುದಿಗಳು ಮೇಲೆದ್ದಿರುವುದರಿಂದ ನೆಲಕ್ಕೆ ತಾಗುವ ಅಂಚೇ ಚಿಕ್ಕದು. ಬೆಟ್ಟದ ತುದಿಯಲ್ಲಿ ತೇಲಿಬಂದವಳು ಬುಡದಲ್ಲಿ ತಡಕಾಡುತ್ತಾಳೆ.

ಎಲ್ಲ ಹಿಮಕ್ಕೂ ಸಲ್ಲುವ ಸ್ಕೀ ಇಲ್ಲವೆಂಬುದು ಈ ಇಳಿತದಿಂದ ಸ್ಪಷ್ಟ. 90ರ ಆಸುಪಾಸಿನ ಸ್ಕೀ ಎಲ್ಲೆಡೆ ಪಾಸಾಗುತ್ತದೆ, ಎಲ್ಲಿಯೂ ಮೊದಲ ದರ್ಜೆ ಪಡೆಯುವುದಿಲ್ಲ. ವಾರದ ರಜೆಗೆ ಹೋಗಿ ಬಾಡಿಗೆ ಸ್ಕೀ ಪಡೆಯುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವುದು ಒಳ್ಳೆಯ ಸ್ಕೀ’ ಎಂಬುದಲ್ಲ. ‘ನಿನ್ನೆ ರಾತ್ರಿ ಬೆಟ್ಟದಲ್ಲಿ ಏನಾಯಿತು’ ಎಂಬುದು.

ಹಲಗೆ ಹೇಳದ ಮಾತು

ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಪುಡಿಹಿಮ ಹುಡುಕುವವರು ಹೋಗುವುದು 30ರಿಂದ 45 ಡಿಗ್ರಿ ಓರೆಯ, ಹೊಸ ಹಿಮ ತುಂಬಿದ, ಯಾರೂ ತುಳಿಯದ ಇಳಿಜಾರಿಗೆ. ಹಿಮದ ಹಾಸು ಚಪ್ಪಡಿಯಂತೆ ಕಳಚಿ ಕುಸಿಯುವುದೂ ಬಹುಮಟ್ಟಿಗೆ ಅಂಥ ಓರೆಯಲ್ಲೇ. ಸುಖವೂ ಅಪಾಯವೂ ಒಂದೇ ವಿಳಾಸದಲ್ಲಿವೆ.

ಕುಸಿತದ ಕಾರಣ ಮೇಲೆ ಕಾಣುವ ಹಿಮದಲ್ಲಿ ಇರುವುದಿಲ್ಲ. ಚಳಿಗಾಲದ ಮೊದಲಿಗೆ ತೆಳುವಾಗಿ ಹಿಮ ಬಿದ್ದು, ಬಳಿಕ ವಾರಗಟ್ಟಲೆ ಒಣ ಚಳಿ ಹಿಡಿದರೆ ಆ ಹಿಮ ಸಕ್ಕರೆಯ ಹರಳಿನಂತಾಗುತ್ತದೆ. ಹರಳು ಹರಳಿಗೆ ಅಂಟುವುದಿಲ್ಲ. ಅದರ ಮೇಲೆ ದೊಡ್ಡ ಹಿಮಪಾತವಾದರೆ, ಸಕ್ಕರೆ ಹರಡಿದ ಮೇಜಿನ ಮೇಲೆ ಚಪ್ಪಡಿ ಇಟ್ಟಂತೆ. ಒಬ್ಬ ಮನುಷ್ಯನ ಭಾರ ಸಾಕು, ಪದರ ಮುರಿಯುತ್ತದೆ. ಸ್ಕೀ ಮಾಡುವವರನ್ನು ಕೊಂದ ಹಿಮಕುಸಿತಗಳಲ್ಲಿ ಬಹುಪಾಲನ್ನು ಕೆಡವಿದ್ದು ಸಿಕ್ಕಿಕೊಂಡವರೇ ಅಥವಾ ಅವರ ಜೊತೆಗಾರರೇ. ಮುಳುಗಿದವರನ್ನು ಮೊದಲ ಹತ್ತು–ಹದಿನೈದು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಸರಿಸುಮಾರು ಮೂವರಲ್ಲಿ ಒಬ್ಬರು.

ಗುಲ್ಮಾರ್ಗ್ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. 2010ರ ಫೆಬ್ರುವರಿ 8ರಂದು ಅಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನ ತರಬೇತಿಯಲ್ಲಿದ್ದ 17 ಯೋಧರು ಹಿಮಕುಸಿತಕ್ಕೆ ಬಲಿಯಾದರು. 2023ರ ಫೆಬ್ರುವರಿ 1ರಂದು ಅಫರ್ವತ್ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯಿಂಗ್ ಪ್ರವಾಸಿಗರು ಸತ್ತರು. 2024ರ ಜನವರಿ ಬಹುತೇಕ ಹಿಮವಿಲ್ಲದೆ ಕಳೆಯಿತು. ಹುಲ್ಲು ಕಾಣುವ ಗುಲ್ಮಾರ್ಗ್‌ನ ಚಿತ್ರಗಳು ದೇಶವಿಡೀ ಸುದ್ದಿಯಾದವು. ಫೆಬ್ರುವರಿಯಲ್ಲಿ ಭಾರಿ ಹಿಮ ಬಿತ್ತು. ಆ ತಿಂಗಳ 22ರಂದು, ಕೆಳಗೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿದ್ದಾಗಲೇ, ಮೇಲೆ ಹಿಮ ಕುಸಿದು ರಷ್ಯದ ಸ್ಕೀಯರ್ ಒಬ್ಬ ತೀರಿಕೊಂಡ. ಅವನ ತಂಡದ ಇತರರನ್ನು ರಕ್ಷಿಸಲಾಯಿತು.

ಇದಕ್ಕೆಲ್ಲ ಅಗಲ ಸ್ಕೀಯೇ ಕಾರಣವೆಂದರೆ ಅನ್ಯಾಯವಾದೀತು. ಯೋಧರಿಗೂ ಹಲಗೆಯ ಅಗಲಕ್ಕೂ ಏನೂ ಸಂಬಂಧವಿಲ್ಲ. ಆದರೆ ಆಲ್ಟಾದ ಹಳಬರ ವಿಷಯದಲ್ಲಿ ಮೊದಲು ಹೇಳಿದ ಮಾತನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಆಗ ಪುಡಿಹಿಮಕ್ಕೆ ಇಳಿಯುವ ಬಾಗಿಲನ್ನು ಕಷ್ಟವೇ ಕಾಯುತ್ತಿತ್ತು. ಅಗಲ ಸ್ಕೀ ಆ ಬಾಗಿಲನ್ನು ತೆರೆಯಿತು, ರೋಪ್‌ವೇ ದಾರಿಯನ್ನೂ ಮೊಟಕು ಮಾಡಿತು. ಮೂರನೆಯ ವರ್ಷದ ಕಲಿಕೆಯವನು ಇಂದು ಆಗಿನ ಪರಿಣತರ ಇಳಿಜಾರಿನಲ್ಲಿ ನಿಲ್ಲಬಲ್ಲ. ಜಾರುವುದನ್ನು ಕಲಿಯುವ ಕಾಲ ಇಳಿಯಿತು. ಹಿಮವನ್ನು ಓದಲು ಕಲಿಯುವ ಕಾಲ ಇಳಿಯಲಿಲ್ಲ. ಮನುಷ್ಯನನ್ನು ಮೇಲಿನ ಪುಡಿಯಲ್ಲಿ ತೇಲಿಸುವ ಹಲಗೆಗೆ ಒಂದು ಮೀಟರ್ ಕೆಳಗಿನ ಸಕ್ಕರೆ ಪದರದ ಸುದ್ದಿ ತಿಳಿಯದು.

ಆ ಸುದ್ದಿ ತಿಳಿಸುವವರು ಬೇರೆ ಇದ್ದಾರೆ. ಕುಸಿತದ ಮುನ್ಸೂಚನೆ ಇದೆ. ಗುಲ್ಮಾರ್ಗ್‌ನ ಹಿಮಗಸ್ತಿನವರೂ ಸ್ಥಳೀಯ ಮಾರ್ಗದರ್ಶಿಗಳೂ ಇದ್ದಾರೆ. ಇಳಿಜಾರೇ ಎಷ್ಟೋ ಸಲ ಹೇಳುತ್ತದೆ. ಪಕ್ಕದ ಇಳಿಜಾರಿನಲ್ಲಿ ಹೊಸದಾಗಿ ಕುಸಿದ ಗುರುತು, ಕಾಲಡಿಯಲ್ಲಿ ‘ಧುಪ್’ ಎಂಬ ಟೊಳ್ಳು ಸದ್ದು, ಹಲಗೆಯ ಮುಂದೆ ಓಡುವ ಬಿರುಕು, ಒಮ್ಮೆಲೇ ಏರುವ ಬಿಸಿ. ಇವುಗಳಲ್ಲಿ ಒಂದು ಕಂಡರೂ ಹಿಂದಿರುಗುವುದು ಹೇಡಿತನವಲ್ಲ. ಎದೆಗೆ ಕಟ್ಟಿಕೊಳ್ಳುವ ಸಂಕೇತ ಯಂತ್ರ, ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಅವನ್ನು ಬಳಸಲು ಬರಬೇಕು. ಹದಿನೈದು ನಿಮಿಷದೊಳಗೆ ಹೊರಗಿನಿಂದ ನೆರವು ಬರುವುದು ಅಪರೂಪ, ತೆಗೆಯಬೇಕಾದವರು ಜೊತೆಗಿದ್ದವರೇ.

ಸಭಿಕರೇ, ಅಲ್ತಾಯ್‌ನ ಬೇಟೆಗಾರ ತನ್ನ ಕಾಡಿನ ಹಿಮಕ್ಕೆ ತಕ್ಕ ಹಲಗೆಯನ್ನು ತಾನೇ ಕೆತ್ತಿಕೊಳ್ಳುತ್ತಿದ್ದ. ಹಲಗೆಯ ಅರಿವೂ ಹಿಮದ ಅರಿವೂ ಅವನಲ್ಲಿ ಒಟ್ಟಿಗೆ ಬೆಳೆಯುತ್ತಿದ್ದವು. ಇಂದು ಹಲಗೆ ಅಂಗಡಿಯಲ್ಲಿ ಸಿಗುತ್ತದೆ, ದಿನದ ಬಾಡಿಗೆಗೂ ಸಿಗುತ್ತದೆ. ಹಿಮದ ಅರಿವನ್ನು ಮಾತ್ರ ಇಂದಿಗೂ ಬೆಟ್ಟದಲ್ಲೇ, ಬಲ್ಲವರ ಜೊತೆ ನಡೆದು, ನಿಧಾನವಾಗಿ ಸಂಪಾದಿಸಬೇಕು. ಈ ಚಳಿಗಾಲ ಗುಲ್ಮಾರ್ಗ್‌ಗೆ ಹೊರಟವರು ಯಾರಾದರೂ ಇಲ್ಲಿದ್ದರೆ, ಸ್ಕೀಯ ಅಗಲ ಕೇಳುವ ಮೊದಲು ಹಿಮದ ಇತಿಹಾಸ ಕೇಳಲಿ.